ಭೀಮೆಯ ಮೀನಿಗೊಂದು ಆರ್‌ಡಿ ನಂಬರು

ವಿಜಯಪುರ ಜಿಲ್ಲೆಗೆ ಐದೇ ತಾಲೂಕುಗಳಿದ್ದ ಕಾಲವೊಂದಿತ್ತು. ವಿಜಯಪುರ, ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂದು ಸಾಲಿ ಹುಡುಗರು ಒಂದೇ ಉಸಿರಿನಲ್ಲಿ ಹೇಳಿ ಮುಗಿಸುತ್ತಿದ್ದರು. ಈಗ 13. ಇಂಡಿಯ ಹೊಟ್ಟೆಯಿಂದ ಚಡಚಣ ಬಂತು. ಸಿಂದಗಿ ದೇವರ ಹಿಪ್ಪರಗಿಯನ್ನೂ ಆಲಮೇಲವನ್ನೂ ಹಡೆಯಿತು. ಮುದ್ದೇಬಿಹಾಳಕ್ಕೆ ತಾಳಿಕೋಟೆ, ಬಾಗೇವಾಡಿಗೆ ನಿಡಗುಂದಿ ಮತ್ತು ಕೊಲ್ಹಾರ, ವಿಜಯಪುರಕ್ಕೆ ಬಬಲೇಶ್ವರ ಮತ್ತು ತಿಕೋಟಾ. ನೆಲ ಅದೇ, ಬಿಳಿಜೋಳ ಅದೇ, ಡೋಣಿ ಹೊಳೆಯ ಉಪ್ಪುನೀರೂ ಅದೇ. ಹೊಸದಾಗಿ ಬಂದದ್ದು ಬೋರ್ಡು. ಮೊದಲು ಬೋರ್ಡು, ಆಮೇಲೆ ತಹಶೀಲ್ದಾರರು, ಅವರು ಕೂಡಲು ಬಾಡಿಗೆ ಖೋಲಿ. ಉಳಿದ ಕಚೇರಿಗಳು ಬಂದಾಗ ಬಂದಾವು.

ಜಗತ್ತಿನಲ್ಲಿ ಎರಡು ನಮೂನೆಯ ಪಂಡಿತರಿದ್ದಾರೆ. ಒಡೆಯುವವರು ಮತ್ತು ಕೂಡಿಸುವವರು. ತಾಲೂಕಿನ ವಿಷಯದಲ್ಲಿ ನಮ್ಮವರೆಲ್ಲ ಒಡೆಯುವವರೇ, ಏಕೆಂದರೆ ಒಡೆದಷ್ಟೂ ಉದ್ಘಾಟನೆಗಳು ಹೆಚ್ಚು. ಮೀನಿನ ವಿಷಯಕ್ಕೆ ಬಂದರೆ ಇದೇ ಜನ ಪಕ್ಷ ಬದಲಿಸಿ ಕೂಡಿಸುವವರಾಗುತ್ತಾರೆ. ಮೀನೆಂದರೆ ಮೀನು, ಅದರಲ್ಲಿ ಇದ್ಯಾವುದು ಅದ್ಯಾವುದು ಎಂದು ಕೇಳುವವನಿಗೆ ಬೇರೆ ಕೆಲಸವಿಲ್ಲ. ಮೀನಿಗೆ ಮತವಿಲ್ಲ, ಹೀಗಾಗಿ ಅದರ ಕುಲಗೋತ್ರದ ಉಸಾಬರಿ ಯಾರಿಗೂ ಬೇಡ.

ಯುರೋಪಿನವರಿಗೆ ಬೇಕಿತ್ತು. ಅಲ್ಲಿ ಟ್ರೌಟ್ ಎಂಬ ಮೀನೊಂದಿದೆ. ಕಾಶ್ಮೀರದ ತಣ್ಣನೆ ಹೊಳೆಗಳಲ್ಲಿ ಆಂಗ್ಲರು ತಂದುಬಿಟ್ಟ ಸಂತತಿ ಈಗಲೂ ಉಂಟು. ನಮ್ಮ ಬಿಸಿಲಿಗೆ ಆ ಮೀನು ಬದುಕಲಾರದು, ಪುಣ್ಯ ಮಾಡಿತ್ತು. ಜೀವಶಾಸ್ತ್ರಜ್ಞ ಲಿನ್ನೇಯಸ್ 1758ರಲ್ಲಿ ಅದಕ್ಕೆ ಒಂದು ಸಾಲದೆಂದು ಹಲವು ಹೆಸರು ಕೊಟ್ಟ. 19ನೇ ಶತಮಾನದ ನಡುವೆ ಬ್ರಿಟಿಷ್ ಮ್ಯೂಸಿಯಂನ ಗುಂಥರ್ ಬ್ರಿಟನ್ ಐರ್ಲೆಂಡ್‌ಗಳ ಹೊಳೆ ಕೆರೆಗಳನ್ನೆಲ್ಲ ಜಾಲಾಡಿ ಅಲ್ಲಿಯ ಟ್ರೌಟ್ ಒಂದಲ್ಲ, ಹತ್ತು ಪ್ರಭೇದ ಎಂದ. ಅದೇ ಮ್ಯೂಸಿಯಂನಲ್ಲಿ ಅವನ ಹಿಂದೆ ಬಂದ ಟೇಟ್ ರೀಗನ್ 1911ರಲ್ಲಿ ಹತ್ತನ್ನೂ ಒಂದೇ ಗಂಟಿಗೆ ಕಟ್ಟಿದ. ನೂರು ವರ್ಷದ ಬಳಿಕ ಮತ್ತೊಂದು ತಲೆಮಾರು ಆ ಗಂಟು ಬಿಚ್ಚಿ ಕೂತಿದೆ. ತಪ್ಪು ಅವರದ್ದಷ್ಟೇ ಅಲ್ಲ, ಮೀನಿನದೂ ಇದೆ. ಒಂದೇ ತಾಯಿಯ ಮೊಟ್ಟೆಯಿಂದ ಬಂದ ಎರಡು ಟ್ರೌಟುಗಳಲ್ಲಿ ಒಂದು ಹಳ್ಳದಲ್ಲೇ ಉಳಿದು ಕಂದು ಮೈಯ ತುಂಬ ಚುಕ್ಕೆ ಹೊತ್ತು ಗಿಡ್ಡಾಗಿರುತ್ತದೆ. ಇನ್ನೊಂದು ಕಡಲಿಗಿಳಿದು ಬೆಳ್ಳಿಯಂತೆ ಹೊಳೆಯುತ್ತ ನಾಲ್ಕು ಪಟ್ಟು ದಪ್ಪವಾಗಿ ಮರಳುತ್ತದೆ. ಗೋವಾಕ್ಕೆ ದುಡಿಯಲು ಹೋದ ತಮ್ಮ ಜಾತ್ರೆಗೆ ಜೀನ್ಸ್ ಪ್ಯಾಂಟಿನಲ್ಲಿ ಬಂದಿಳಿದರೆ ನಾವು ಅವನಿಗೆ ಬೇರೆ ರೇಷನ್ ಕಾರ್ಡು ಮಾಡಿಸುವುದಿಲ್ಲ. ಗುಂಥರ್ ಸಾಹೇಬ ಮಾಡಿಸಿದ್ದ.

ಇದೆಲ್ಲ ಬಿಳಿಯರ ಬಿಡುವಿನ ಆಟ ಎಂದು ನಗಬೇಡಿ. ಇದೇ ಆಟವನ್ನು ನಮ್ಮ ಭೀಮಾನದಿಯ ಮೀನಿನ ಮೇಲೂ ಆಡಿದ್ದಾರೆ, ಮತ್ತು ಅದರಲ್ಲಿ ಸತ್ತದ್ದು ಕಾವೇರಿಯ ಮೀನು.

ಈಸ್ಟ್ ಇಂಡಿಯಾ ಕಂಪನಿಯ ಫೌಜಿನಲ್ಲಿ ಸೈಕ್ಸ್ ಎಂಬ ಅಧಿಕಾರಿಯಿದ್ದ. ದಖ್ಖನಿನ ಜನ, ಬೆಳೆ, ಹಕ್ಕಿ, ಹವೆ ಎಲ್ಲವನ್ನೂ ಎಣಿಸಿ ಬರೆಯುವುದು ಅವನಿಗೆ ಒಪ್ಪಿಸಿದ್ದ ಕೆಲಸ, ಮೀನನ್ನೂ ಬಿಡಲಿಲ್ಲ. ಪುಣೆಯ ಮುಳಾ-ಮುಠಾ ಹೊಳೆಯಲ್ಲಿ ಸಿಕ್ಕ ದೊಡ್ಡ ಹುರುಪೆಯ ಮೀನೊಂದನ್ನು 1839ರಲ್ಲಿ ಅವನು ‘ಖುದ್ರೀ’ ಎಂದು ದಾಖಲಿಸಿದ. ಇಂದಿನ ಶಾಸ್ತ್ರದಲ್ಲಿ ಅದು ಟಾರ್ ಖುದ್ರೀ, ನೀಲಿ ರೆಕ್ಕೆಯ ಮಹಸೀರ್. ಅದೇ ಬರಹದಲ್ಲಿ ‘ಮುಸ್ಸುಲ್ಲಾ’ ಎಂಬ ಇನ್ನೊಂದು ಮೀನೂ ಇದೆ. ಎರಡೂ ಭೀಮೆಗೆ ಸೇರುವ ಹೊಳೆಗಳ ಮೀನುಗಳೇ. ಅಂದರೆ ಈ ಖುದ್ರಿ ನಮ್ಮ ಇಂಡಿ, ಸಿಂದಗಿಯವರಿಗೆ ಮೇಲಿನೂರಿನ ಬೀಗ. ಅಲ್ಲಿ ಮಳೆಯಾಗಿ ಮುಳಾ-ಮುಠಾ ಉಕ್ಕಿದರೆ ಇಲ್ಲಿ ಭೀಮೆಯ ದಂಡೆಯವರು ಗಂಟುಮೂಟೆ ಕಟ್ಟುತ್ತಾರೆ, ಅಷ್ಟು ಹತ್ತಿರದ ಸಂಬಂಧ.

ಇನ್ನು ಕಾವೇರಿ. ಅಲ್ಲಿ ಬೇರೊಂದು ಮಹಸೀರ್ ಇತ್ತು. ಕತ್ತಿನ ಹಿಂದೆಯೇ ಏಳುವ ಗೂನುಬೆನ್ನು, ಕೇಸರಿ ಛಾಯೆಯ ರೆಕ್ಕೆ. (ಕೇಸರಿ ರೆಕ್ಕೆ, ನೀಲಿ ರೆಕ್ಕೆ ಎಂದಕೂಡಲೇ ಕೆಲವರ ಕಿವಿ ನೆಟ್ಟಗಾಗುವುದು ಗೊತ್ತು. ಮೀನುಗಳು ಇನ್ನೂ ಯಾವ ಪಕ್ಷವನ್ನೂ ಸೇರಿಲ್ಲ.) 1946ರಲ್ಲಿ ಮೈಸೂರಿನ ಹೆಸರಾಂತ ಟ್ಯಾಕ್ಸಿಡರ್ಮಿ (ಸತ್ತ ಪ್ರಾಣಿಯ ಚರ್ಮ ತುಂಬಿ ನಿಲ್ಲಿಸುವ) ಮನೆತನದ ವ್ಯಾನ್ ಇಂಗೆನ್ ಕಬಿನಿಯಲ್ಲಿ ಹಿಡಿದದ್ದು 120 ಪೌಂಡ್ ತೂಗಿತು. ನಮ್ಮ ಲೆಕ್ಕದಲ್ಲಿ ಅರ್ಧ ಕ್ವಿಂಟಲಿಗೂ ಮೇಲೆ, ಒಂದು ಜೋಳದ ಚೀಲದಷ್ಟು ಮೀನು. ಇದನ್ನು ಹಿಡಿಯಲೆಂದೇ ಇಂಗ್ಲೆಂಡಿನಿಂದ ಗಾಳ ಹೊತ್ತು ಬರುವವರಿದ್ದರು. ಪುಸ್ತಕಗಳಲ್ಲಿ ಚಿತ್ರ ಬಂತು, ಭೀಮೇಶ್ವರಿ, ಗಾಳಿಬೋರೆಗಳಲ್ಲಿ ಗಾಳಗಾರರ ಬಿಡಾರಗಳು ಎದ್ದವು. ಇಷ್ಟೆಲ್ಲ ಆದರೂ ಆ ಮೀನಿಗೆ ಶಾಸ್ತ್ರದ ಪ್ರಕಾರ ಒಂದು ಸ್ವಂತ ಹೆಸರಿರಲಿಲ್ಲ. ಜಗತ್ತಿಗೆಲ್ಲ ಗೊತ್ತು, ಕಡತಕ್ಕೆ ಗೊತ್ತಿಲ್ಲ. ಕೊನೆಗೆ ಕೆಲವು ಪಂಡಿತರು ಸೈಕ್ಸನ ‘ಮುಸ್ಸುಲ್ಲಾ’ವನ್ನೇ ತಂದು ಇದರ ಕೊರಳಿಗೆ ಕಟ್ಟಿದರು. 2014ರ ಹೊತ್ತಿಗೆ ಮತ್ತೊಂದು ತಂಡ ಸೈಕ್ಸನ ಬರಹವನ್ನು ಮೊದಲಿನಿಂದ ಓದಿ ನೋಡಿತು. ಮುಸ್ಸುಲ್ಲಾ ಮಹಸೀರೇ ಅಲ್ಲ, ಹಿಪ್ಸೆಲೋಬಾರ್ಬಸ್ ಎಂಬ ಬೇರೆಯೇ ಮನೆತನದ್ದು! ಭೀಮಾ ಸೀಮೆಯ ಮೀನಿನ ಹೆಸರು ಹೊತ್ತು ಕಾವೇರಿಯ ಮೀನು ಅಷ್ಟು ವರ್ಷ ಓಡಾಡಿತ್ತು.

ಹೆಸರು ಎರವಲಾದರೆ ಹೋಗಲಿ ಎನ್ನಬಹುದಿತ್ತು. ಆದರೆ ಸರಕಾರಗಳೂ ಸಂಘಗಳೂ ಕೆಲಸ ಮಾಡುವುದು ಹೆಸರಿನ ಮೇಲೆ. 1970ರ ದಶಕದಲ್ಲಿ ಮಹಸೀರ್ ಕಡಿಮೆಯಾಗುತ್ತಿದೆ ಎಂದು ದೇಶಕ್ಕೆ ಕಳವಳ ಹುಟ್ಟಿತು. ಲೋಣಾವಳದಲ್ಲಿ ಟಾಟಾ ವಿದ್ಯುತ್ ಕಂಪನಿಯವರ ಕೆರೆಗಳಿವೆ. ಅಲ್ಲಿ ಖುದ್ರೀ ಮಹಸೀರಿಗೆ ಹಾರ್ಮೋನ್ ಚುಚ್ಚಿ, ಮೊಟ್ಟೆ ಹಿಂಡಿ, ಮರಿ ಮಾಡುವ ವಿದ್ಯೆ ಕೈಗೂಡಿತು. ಒಳ್ಳೆಯ ವಿದ್ಯೆ, ಒಳ್ಳೆಯ ಮನಸ್ಸು, ಇದರಲ್ಲಿ ವ್ಯಂಗ್ಯವಿಲ್ಲ. ಮರಿಗಳು ಲಕ್ಷಗಟ್ಟಲೆ ಆದವು, ನಾನಾ ರಾಜ್ಯಗಳಿಗೆ ಹೋದವು, ಕಾವೇರಿಗೂ ಬಂದವು. ಯಾಕೆ ಬರಬಾರದು? ಅದೂ ಮಹಸೀರ್, ಇದೂ ಮಹಸೀರ್. ಕಾವೇರಿಯಲ್ಲಿ ಮಹಸೀರ್ ಕಡಿಮೆಯಾಗಿದೆ, ಲೋಣಾವಳದಲ್ಲಿ ಹೆಚ್ಚಾಗಿದೆ, ತಂದು ಸುರಿಯಿರಿ. ಕೃಷ್ಣಾ-ಕಾವೇರಿ ನೀರಿನ ಒಂದು ಕೊಡಕ್ಕೂ ನ್ಯಾಯಮಂಡಳಿ ಕೂತು ದಶಕಗಟ್ಟಲೆ ವಾದ ಕೇಳುವ ನಾಡಿನಲ್ಲಿ, ಕೃಷ್ಣಾ ಕಣಿವೆಯ ಮೀನನ್ನು ಕಾವೇರಿ ಕಣಿವೆಗೆ ವರ್ಗಾಯಿಸಲು ಒಬ್ಬರ ತಕರಾರೂ ಇರಲಿಲ್ಲ.

ಬಂದವರು ಬೆಳೆದರು. ಗಾಳಿಬೋರೆಯ ಬಿಡಾರದಲ್ಲಿ ಗಾಳಗಾರರು ಹಿಡಿದು ಬಿಟ್ಟ ಪ್ರತಿ ಮೀನಿನ ಲೆಕ್ಕವಿತ್ತು. 1998ರಿಂದ 2012ರವರೆಗಿನ ಆ ದಪ್ತರಗಳನ್ನು ಸಂಶೋಧಕರು ತಿರುವಿ ನೋಡಿದಾಗ ನೀಲಿ ರೆಕ್ಕೆಯವು ಏರುತ್ತಲೇ ಹೋಗಿದ್ದವು, ಗೂನುಬೆನ್ನಿನವು ಇಳಿಯುತ್ತಲೇ ಹೋಗಿದ್ದವು. ಕೊನೆಕೊನೆಗೆ ಸಿಕ್ಕವು ಮುದಿ ದೊಡ್ಡವಷ್ಟೇ, ಮರಿಗಳು ಕಾಣಲೇ ಇಲ್ಲ. ಅತ್ತ ದಪ್ತರದ ಒಟ್ಟು ಮೊತ್ತ ಮಾತ್ರ ಸೊಗಸಾಗಿತ್ತು. ‘ಕಾವೇರಿಯಲ್ಲಿ ಮಹಸೀರ್ ಹೆಚ್ಚಳ.’ ಸಂರಕ್ಷಣೆ ಯಶಸ್ವಿ! ಕೂಡಿಸುವವರ ಲೆಕ್ಕದ ಚಂದವೇ ಇದು. ಒಂದು ಮನೆಯವರು ಇನ್ನೊಂದು ಮನೆಯವರನ್ನು ಹೊರಗೆ ಹಾಕಿದರೂ ಬೀದಿಯ ಜನಸಂಖ್ಯೆ ಹೆಚ್ಚಿದೆ ಎಂದೇ ಬರುತ್ತದೆ. 2012ರಲ್ಲಿ ಗಾಳಿಬೋರೆ ಇರುವ ಅಭಯಾರಣ್ಯದೊಳಗೆ ಗಾಳ ಹಾಕುವುದು ನಿಂತಿತು. ಆ ಲೆಕ್ಕವೂ ಅಲ್ಲಿಗೆ ನಿಂತಿತು.

ನಾಮಕರಣ ಕೊನೆಗೂ 2018ರಲ್ಲಿ ಆಯಿತು. ಬ್ರಿಟನ್ನಿನ ಪಿಂಡರ್, ಕೊಚ್ಚಿಯ ರಾಜೀವ್ ರಾಘವನ್ ಮತ್ತು ಜೊತೆಗಾರರು ವಂಶವಾಹಿ ತೆಗೆದು, ಹುರುಪೆ ಎಣಿಸಿ, ಅಳತೆ ಹಿಡಿದು ನೋಡಿದರು. ಕಾವೇರಿಯ ಉಪನದಿಯಾದ ಕೇರಳದ ಪಾಂಬಾರ್‌ನಲ್ಲಿ ಸಿಕ್ಕ ಕಿರಿಯ ಮೀನುಗಳನ್ನು ನೋಡಿ 2011ರಲ್ಲೇ ಯಾರೋ ‘ಟಾರ್ ರೇಮಾದೇವಿ’ ಎಂದು ಹೆಸರಿಟ್ಟಾಗಿತ್ತು. ಪ್ರಾಣಿಶಾಸ್ತ್ರಜ್ಞೆ ರೇಮಾ ದೇವಿಯವರ ಗೌರವಾರ್ಥ. ಅದೂ ಇದೂ ಒಂದೇ ಎಂದು ತೀರ್ಪಾಯಿತು. ಜಗತ್ತಿನ ಅತಿ ದೊಡ್ಡ ಮಹಸೀರ್‌ಗಳಲ್ಲೊಂದಕ್ಕೆ ಹೆಸರು ಸಿಕ್ಕಿದ್ದು ಗೂನು ಮೂಡುವ ಮುಂಚಿನ ಚೋಟುದ್ದದ ಮರಿಗಳಿಂದ. 2018ರ ಕೊನೆಗೆ ಅದು ನಿಸರ್ಗ ಸಂರಕ್ಷಣಾ ಒಕ್ಕೂಟ ಐಯುಸಿಎನ್‌ನ ಕೆಂಪುಪಟ್ಟಿಯ ‘ಅಳಿವಿನ ಅತ್ಯಂತ ಗಂಡಾಂತರ’ದ ಕಾಲಮ್ಮಿಗೆ ಸೇರಿತು. ಹೆಸರಿಡುವ ತೊಟ್ಟಿಲೂ ಹೊರುವ ಚಟ್ಟವೂ ಒಂದೇ ಬಂಡಿಯಲ್ಲಿ ಬಂದಂತೆ. ಇತ್ತ ಖುದ್ರೀ, ಹಿಂದೆ ‘ಅಪಾಯದಲ್ಲಿದೆ’ ಎಂದಿದ್ದದ್ದು, ‘ಅಷ್ಟೇನೂ ಚಿಂತೆಯಿಲ್ಲ’ದ ಪಟ್ಟಿಗೆ ಬಡ್ತಿ ಪಡೆದಿದೆ.

ಇವೆರಡೂ ಮೀನುಗಳು ತಮ್ಮ ಕಾಗದಪತ್ರ ಸರಿ ಮಾಡಿಸಿಕೊಳ್ಳಲು ನಮ್ಮ ಜಿಲ್ಲೆಯ ಯಾವುದೋ ಒಂದು ನಾಡಕಚೇರಿಗೆ ಬಂದವು ಎಂದಿಟ್ಟುಕೊಳ್ಳಿ. ಸರ್ವರ್ ಇರುವ ದಿನವೇ ಬಂದವು ಎಂದೂ ಇಟ್ಟುಕೊಳ್ಳಿ. ಕಲ್ಪನೆಗೆ ಮಿತಿ ಬೇಡ.

“ಹೆಸರೇನಪಾ?”

“ಗೂನುಬೆನ್ನಿನ ಮಹಸೀರ್ ಅಂತಾರೆ ಸ್ವಾಮಿ.”

“ಅದು ಅಡ್ಡಹೆಸರು. ಕಾಗದದಾಗಿಂದು ಹೇಳು.”

“ಅದೇ ಮೊನ್ನೆ ಮೊನ್ನೆವರೆಗೂ ಇರಲಿಲ್ಲ ಸ್ವಾಮಿ.”

“ನಿಮ್ಮಪ್ಪಂದು ಸರ್ಟಿಫಿಕೇಟ್ ಐತೇನು? ಅಜ್ಜಂದು?”

“ಅಜ್ಜನ್ನ ಕಬಿನೀಲಿ ಹಿಡಿದು ತೂಕ ಹಾಕಿದ್ರು. ನೂರಿಪ್ಪತ್ತು ಪೌಂಡು. ತೂಕದ ದಾಖಲೆ ಇದೆ.”

“ತೂಕದ ಚೀಟಿ ಎಪಿಎಂಸಿಗೆ ಒಯ್ಯಿ. ಇಲ್ಲಿ ನಡಿಯಂಗಿಲ್ಲ. ಅಲ್ಲೋ, ಹಿಂದ ಮುಸ್ಸುಲ್ಲಾ ಅಂತ ಬರಸಿದ್ದಿ ಅಂತ ತೋರಸ್ತೈತಲ್ಲ ಕಂಪ್ಯೂಟರಿನಾಗ?”

“ಅದು ನಾನು ಬರೆಸಿದ್ದಲ್ಲ ಸ್ವಾಮಿ. ಪಂಡಿತರು ಬರೆದರು. ಅದು ನಿಮ್ಮ ಭೀಮಾ ಕಡೆಯವರ ಹೆಸರು.”

“ಅಂದ್ರ ಬ್ಯಾರೆಯವ್ರ ಹೆಸರಿನ ಮ್ಯಾಲ ಇಷ್ಟ ವರ್ಷ ಸೌಲತ್ತು ತಿಂದಿ. ಜಾತಿ ಪರಿಶೀಲನಾ ಸಮಿತಿಗೆ ಬರೀಬೇಕಾಕ್ಕೈತಿ ನೋಡು ಇದನ್ನ.”

“ಏನು ತಿಂದೆ ಸ್ವಾಮಿ? ನನ್ನ ಹೊಳೆಗೇ ಅವರನ್ನ ತಂದು ಬಿಟ್ಟರಲ್ಲ!”

“ಅದು ಮೀನುಗಾರಿಕೆ ಇಲಾಖೆಗೆ ಬರ್ತೈತಿ. ನಮಗ ಸಂಬಂಧಿಲ್ಲ. ಮುಂದಿನವ್ರು ಬರ್ರಿ. ನಿಂದೇನು?”

“ನಂದೆಲ್ಲಾ ಕರೆಕ್ಟ್ ಐತ್ರಿ ಸಾಹೇಬರ. 1839ರಾಗ ಗೋರಾ ಸಾಹೇಬನ ಸಹಿ ಐತಿ.”

“ಮತ್ತ ಯಾಕ ಬಂದಿ?”

“ವಾಸಸ್ಥಳದ್ದೊಂದು ಬೇಕಾಗಿತ್ರಿ. ಕುಲ ಭೀಮಾದ್ದು, ಹುಟ್ಟಿಸಿದ್ದು ಲೋಣಾವಳದಾಗ, ಬಿಟ್ಟಿದ್ದು ಕಾವೇರ್ಯಾಗ. ಹೊಳ್ಳಿ ನಮ್ಮ ಹೊಳಿಗೆ ಬಂದ್ರ ಹೊಳೀನ ಇಲ್ರಿ.”

“ಭೀಮಾ ಅಂದ್ರ ಯಾವ ದಂಡಿ? ಈ ದಂಡಿ ಇಂಡಿ, ಆ ದಂಡಿ ಸೊಲ್ಲಾಪುರ. ನಡಬರಕ ಇದ್ದವ್ರಿಗೆ ಕೊಡಾಕ ಬರಂಗಿಲ್ಲ. ತಲಾಟಿ ಕಡೆಯಿಂದ ಪಂಚನಾಮೆ ಮಾಡಿಸ್ಕೊಂಡ ಬಾ.”

ಮೀನು ನಕ್ಕಿತೋ ಅತ್ತಿತೋ, ನೀರೊಳಗಿನವರದ್ದು ಗೊತ್ತಾಗುವುದಿಲ್ಲ. ಆದರೆ ಆ ಕಿಟಕಿಯ ಮುಂದೆ ಅದರ ಹಿಂದೆಯೇ ನಿಂತಿದ್ದ ಮನುಷ್ಯನಿಗೆ ಇದ್ಯಾವುದೂ ಹೊಸದಾಗಿರಲಿಲ್ಲ. ಅವನು ಮೀನು ಹಿಡಿಯುವವನು.

ಭೀಮೆಯಲ್ಲಿ ಬಲೆ ಬೀಸುವ, ದೋಣಿ ಹಾಕುವ ಜನಕ್ಕೆ ಅಂಬಿಗ, ಕೋಳಿ, ಕಬ್ಬಲಿಗ, ಬೆಸ್ತ, ಗಂಗಾಮತ ಎಂದು ದಂಡೆಗೊಂದು ಹೆಸರು. ಗುಂಥರ್‌ನ ಟ್ರೌಟಿನ ಕತೆಯೇ. ನದಿಯ ಆಚೆ ಮಹಾರಾಷ್ಟ್ರದ ಪಟ್ಟಿಯಲ್ಲಿ ಮಹಾದೇವ ಕೋಳಿ ಎಂದರೆ ಪರಿಶಿಷ್ಟ ಪಂಗಡ. ಈಚೆ ನಮ್ಮ ಪಟ್ಟಿಯಲ್ಲಿ ಟೋಕ್ರೆ ಕೋಳಿ ಎಂದರೆ ಪಂಗಡ, ಬರೀ ಕೋಳಿ ಎಂದರೆ ಪ್ರವರ್ಗ-1. ತಳವಾರ ಎಂಬ ಹೆಸರು 2020ರಲ್ಲಿ ಸಂಸತ್ತಿನ ಕಾಯ್ದೆಯಿಂದ ನಾಯಕರ ಪರ್ಯಾಯ ಹೆಸರಾಗಿ ಪಂಗಡದ ಪಟ್ಟಿ ಸೇರಿತು. ಅದೇ ಹೆಸರು ಹಿಂದುಳಿದ ಪ್ರವರ್ಗ-1ರಲ್ಲೂ ಮೊದಲಿಂದ ಕೂತಿತ್ತು. ನೀನು ಯಾವ ತಳವಾರ ಎಂಬ ಪ್ರಶ್ನೆ ಎದ್ದದ್ದೇ ತಡ, ವಿಜಯಪುರ, ಕಲಬುರಗಿ ಸೀಮೆಯಲ್ಲಿ ಧರಣಿ, ಪಾದಯಾತ್ರೆ, ಮನವಿ. ‘ಇವನಾರವ ಇವನಾರವ ಎಂದೆನಿಸದಿರಯ್ಯಾ’ ಎಂದ ಬಸವಣ್ಣ ಹುಟ್ಟಿದ ಬಾಗೇವಾಡಿಯಲ್ಲೂ ಆ ಕಾಲಮ್ಮು ಖಾಲಿ ಬಿಟ್ಟರೆ ಅರ್ಜಿ ಮುಂದೆ ಹೋಗುವುದಿಲ್ಲ. ಅಂಬಿಗರ ಚೌಡಯ್ಯನ ಜಯಂತಿಗೆ ಸರಕಾರವೇ ಹಾರ ತರುತ್ತದೆ. ಆ ಅಂಬಿಗರನ್ನು ಪಂಗಡಕ್ಕೆ ಸೇರಿಸಿರೆಂಬ ಕಡತ ಮಾತ್ರ ಬೆಂಗಳೂರಿಂದ ದೆಹಲಿಗೆ ಹೋಗುತ್ತದೆ, ಕುಲಶಾಸ್ತ್ರೀಯ ಅಧ್ಯಯನ ಸಾಲದು ಎಂಬಂಥ ಷರಾ ಹೊತ್ತು ಮರಳುತ್ತದೆ. ಮೊಟ್ಟೆ ಇಡಲು ಪ್ರವಾಹದ ವಿರುದ್ಧ ಈಜುವ ಮಹಸೀರ್ ಕೂಡ ವರ್ಷಕ್ಕೊಮ್ಮೆ ಗುರಿ ಮುಟ್ಟುತ್ತದೆ.

ಇಲ್ಲಿ ಒಂದು ವಿಷಯ ಹೇಳಿಯೇಬಿಡಬೇಕು. ಮನುಷ್ಯರಲ್ಲಿ ಭೇದ ಹುಡುಕುವುದಕ್ಕೆ ಹುಟ್ಟಿದ ವಿಜ್ಞಾನವೆಲ್ಲ ಕೊನೆಗೆ ಬರಿಗೈಲಿ ಬಂದಿದೆ. ನಾವೆಲ್ಲ ಒಂದೇ ಪ್ರಭೇದ. ಮಹಸೀರ್‌ನಲ್ಲಿ ಭೇದ ನಿಜವಾಗಿಯೂ ಇದೆ. ಗೆಂಡೆ ಜಾತಿಯ ಬಹುತೇಕ ಮೀನುಗಳಿಗೆ 50 ವರ್ಣತಂತುಗಳಾದರೆ ಇದಕ್ಕೆ 100. ಒಂದು ಕಾಲದಲ್ಲಿ ಇಡೀ ವಂಶವಾಹಿಯೇ ಇಮ್ಮಡಿಸಿಕೊಂಡು ಬಂದ ಮನೆತನ. ನೀರಿನ ಸೆಳೆತ, ತಿನ್ನುವ ಆಹಾರದ ಮೇಲೆ ಅದರ ತುಟಿ ದಪ್ಪವಾಗುತ್ತದೆ, ತೆಳುವಾಗುತ್ತದೆ, ಮೈ ಉದ್ದವಾಗುತ್ತದೆ. ತುಟಿ ನೋಡಿ ಒಡೆದರೂ ತಪ್ಪು, ಮೀಸೆ ನೋಡಿ ಕೂಡಿಸಿದರೂ ತಪ್ಪು. ಕೂತು ಎಣಿಸಬೇಕು, ಹೋಲಿಸಬೇಕು, ವಂಶವಾಹಿ ಓದಬೇಕು, ವರ್ಷಗಟ್ಟಲೆ ಬೇಕು. ನಾವು ಈ ತಾಳ್ಮೆಯನ್ನೆಲ್ಲ ಮನುಷ್ಯರ ಮೇಲೆ ಖರ್ಚು ಮಾಡಿ ಮುಗಿಸಿಬಿಟ್ಟಿದ್ದೇವೆ. ಒಂದೇ ಇರುವಲ್ಲಿ ನೂರು ಕಾಲಮ್ಮು, ನಿಜಕ್ಕೂ ಬೇರೆ ಇರುವಲ್ಲಿ ಒಂದೇ ಚೀಲ.

ಈಗ ಭೀಮೆಯನ್ನು ನೋಡಿ. ಮಹಸೀರ್‌ಗೆ ಬೇಕಾದದ್ದು ಹರಿಯುವ ನೀರು ಮತ್ತು ಕಲ್ಲು-ಗರಸಿನ ತಳ. ಮೇಲೆ ಉಜನಿ ಅಣೆಕಟ್ಟು, ಕೆಳಗೆ ಸಾಲು ಬ್ಯಾರೇಜು, ನಡುವೆ ಉಳಿದ ಮರಳನ್ನು ರಾತ್ರೋರಾತ್ರಿ ಟಿಪ್ಪರ್‌ಗಳು ಒಯ್ಯುತ್ತವೆ. ಬೇಸಿಗೆಯಲ್ಲಿ ನದಿಯೆಂಬುದು ಅಲ್ಲಲ್ಲಿ ನಿಂತ ಮಡು. ಕೃಷ್ಣೆಯ ಕಡೆ, ಅಂದರೆ ಬಾಗೇವಾಡಿ, ಮುದ್ದೇಬಿಹಾಳದ ಪಾಲಿಗೆ, ಆಲಮಟ್ಟಿ ಮತ್ತು ನಾರಾಯಣಪುರದ ಹಿನ್ನೀರು. ನೀರು ಸಮುದ್ರದಷ್ಟು, ಹರಿವು ಗೇಟು ಎತ್ತಿದಾಗಷ್ಟೇ. ಇಂಥ ನೀರಿಗೆ ತಕ್ಕ ಮೀನುಗಳೇ ಇಲ್ಲಿ ಮೇಲುಗೈ. ಗಂಗೆಯ ಕಡೆಯಿಂದ ಬಂದ ಕಟ್ಲಾ, ರೋಹು, ಮೃಗಾಲ್. ಆಫ್ರಿಕಾದಿಂದ ಬಂದು ಜಿಲೇಬಿ ಎಂದು ಕರೆಸಿಕೊಳ್ಳುವ ತಿಲಾಪಿಯಾ. ಉಂಡವರಿಗೆ ದೂರಿಲ್ಲ, ಹಿಡಿದವರಿಗೆ ನಾಲ್ಕು ಕಾಸು ಸಿಗುತ್ತದೆ, ಅದನ್ನು ಬೇಡವೆನ್ನುವುದು ಹೊಟ್ಟೆ ತುಂಬಿದವರ ಮಾತು.

ಸಂತೆಯ ದಿನ ದಂಡೆಯೂರಿನ ಮೀನಿನ ಸಾಲಿನಲ್ಲಿ ಅರೆಗಳಿಗೆ ನಿಂತರೆ ಸಾಕು. ಅವ್ವ ಒಬ್ಬಾಕೆ ಈಳಿಗೆಮಣೆ ಕಾಲಡಿ ಒತ್ತಿಕೊಂಡು ಕೂತಿರುತ್ತಾಳೆ. ಮೀನಿನ ಬಾಲ ಹಿಡಿದು ತಲೆಯ ಕಡೆಗೆ ಕರಕರ ಉಜ್ಜಿದರೆ ಹುರುಪೆ ನಾಲ್ಕೂ ಕಡೆ ಚಿಮ್ಮುತ್ತದೆ, ಗಿರಾಕಿಯ ಚಪ್ಪಲಿಗೆ, ಆಕೆಯ ಮೊಣಕೈಗೆ, ಪಕ್ಕದ ಮೆಣಸಿನಕಾಯಿ ರಾಶಿಗೆ. ಶಾಸ್ತ್ರಜ್ಞ ಸೂಜಿಯ ಮೊನೆ ಹಿಡಿದು ಒಂದೊಂದಾಗಿ ಎಣಿಸುವ ಸಾಲು ಅದೇ. ಮಹಸೀರ್‌ನ ಪಕ್ಕೆಗೆರೆಯ ಮೇಲಾದರೆ 25ರ ಆಸುಪಾಸು ಬರುತ್ತದೆ. ಅಷ್ಟು ಕಡಿಮೆ, ಅಷ್ಟು ಅಗಲ. ಆಕೆಗೆ ಎಣಿಸುವ ವ್ಯವಧಾನವಿಲ್ಲ, ಎಣಿಸುವುದು ಬೇಕೂ ಇಲ್ಲ. ಬುಟ್ಟಿಯಲ್ಲಿರುವ ಪ್ರತಿ ಮೀನನ್ನೂ ಮುಟ್ಟಿದರೇ ಹೇಳುತ್ತಾಳೆ, ಇದು ಹೊಳೀದು, ಇದು ಡ್ಯಾಮಿಂದು, ಇದು ಕೆರೀದು ಕೆಸರ ವಾಸನಿ ಬರ್ತೈತಿ ತಗೋಬ್ಯಾಡ ತಮ್ಮಾ ಎಂದು. ಸಂಬಳವಿಲ್ಲದ ಈ ವರ್ಗೀಕರಣ ತಜ್ಞೆಯನ್ನು ಯಾವ ಸಮಿತಿಗೂ ಕರೆದದ್ದಿಲ್ಲ. ಆಕೆಯ ಮಗನ ಜಾತಿ ಪ್ರಮಾಣಪತ್ರದ ಆರ್‌ಡಿ ನಂಬರು ಎಲ್ಲಿ ಸಿಕ್ಕಿಕೊಂಡಿದೆ ಎಂಬುದು ಬೇರೆ ಕತೆ.

ಮಳೆಗಾಲ ಬಂತೆಂದರೆ ಹಿನ್ನೀರಿನ ದಂಡೆಯಲ್ಲಿ ಶಾಮಿಯಾನ ಏಳುತ್ತದೆ. ಮೀನುಮರಿ ಬಿತ್ತನೆ ಕಾರ್ಯಕ್ರಮ. ಆಮ್ಲಜನಕ ತುಂಬಿದ ಪ್ಲಾಸ್ಟಿಕ್ ಚೀಲಗಳು ಟೆಂಪೋದಿಂದ ಇಳಿಯುತ್ತವೆ. ಶಾಲು, ಪೇಟ, ಸ್ವಾಗತ ಭಾಷಣ. ಮರಿಗಳು ಬಿಸಿಲಲ್ಲಿ ಕಾಯುತ್ತವೆ. ಆಮೇಲೆ ಗಣ್ಯರೆಲ್ಲ ಚಪ್ಪಲಿ ಬಿಟ್ಟು, ಪ್ಯಾಂಟು ಮಡಚಿ, ಒಂದೇ ಚೀಲಕ್ಕೆ ಏಳು ಜನ ಕೈ ಹಚ್ಚಿ ಕ್ಯಾಮೆರಾ ಕಡೆ ನೋಡುತ್ತ ಬಗ್ಗಿಸುತ್ತಾರೆ. ಮರುದಿನದ ಪತ್ರಿಕೆಯಲ್ಲಿ ಚಿತ್ರದ ಕೆಳಗೆ ಎಡದಿಂದ ಬಲಕ್ಕೆ ಎಲ್ಲರ ವಿವರ ತಪ್ಪದೆ ಇರುತ್ತದೆ. ಶಾಸಕರು, ಮಾಜಿ ಶಾಸಕರು, ನಿಗಮದ ಅಧ್ಯಕ್ಷರು, ಸಹಾಯಕ ನಿರ್ದೇಶಕರು, ಗುತ್ತಿಗೆದಾರರು, ಯುವ ಮುಖಂಡರು. ಹೆಸರು, ಇನಿಷಿಯಲ್, ಹುದ್ದೆ, ಕೆಲವರದ್ದು ಪದವಿ ಸಮೇತ. ಚೀಲದಲ್ಲಿ ಇದ್ದದ್ದು ‘ಮೀನುಮರಿಗಳು’.